ಬಸುರಿಯಾಗಿದ್ದಾಗ ಮನೆ ವ್ಯಾಪಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ನಮ್ಮ ಮನೆ. ಅಡುಗೆಮನೆಯಿಂದಲೇ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಹಬ್ಬದ ದಿನಗಳಲ್ಲಿ ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತೇನೆ. ನನ್ನ ಎರಡು ಬಸಿರೂ ಈ ವ್ಯಾಪಾರದ ನಡುವೆಯೇ ಕಳೆದವು. ಮೊದಲನೆಯದರಲ್ಲಿ ತುಂಬ ತಪ್ಪು ಮಾಡಿದೆ, ಎರಡನೆಯದರಲ್ಲಿ ತಿದ್ದಿಕೊಂಡೆ. ಪುಡಿ ಕೊಳ್ಳಲು ಬರುವವರು, ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು, ಮಂಡ್ಯ ಕಡೆಯಿಂದ ಫೋನ್ ಮಾಡುವ ಟೈಲರಿಂಗ್‌ನವರು, ಸೀರೆಗೆ ಕುಚ್ಚು ಹಾಕುವವರು ಕೇಳುವುದು ಹೆಚ್ಚುಕಮ್ಮಿ ಒಂದೇ ಥರದ ಪ್ರಶ್ನೆ. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ. ದೇಹದ ವಿಷಯದಲ್ಲಿ ನಿಮ್ಮನ್ನು ನೋಡುವ ಡಾಕ್ಟರ್ ಹೇಳಿದ್ದೇ ಕೊನೆಯ ಮಾತು.

ಬಸುರಿ ಅಂತ ಗೊತ್ತಾದ ಕೂಡಲೇ ವ್ಯಾಪಾರ ನಿಲ್ಲಿಸಬೇಕಾ?

ಡಾಕ್ಟರ್ ವಿಶ್ರಾಂತಿ ಬೇಕೇ ಬೇಕು ಅಂತ ಹೇಳದಿದ್ದರೆ ನಿಲ್ಲಿಸಬೇಕಾಗಿಲ್ಲ. ಆದರೆ ಮೊದಲಿದ್ದ ಅಳತೆಯಲ್ಲೇ ನಡೆಸುತ್ತೇನೆ ಅಂತ ಹಟ ಹಿಡಿಯಬೇಡಿ. ನಾನು ಮೊದಲ ಬಸಿರಲ್ಲಿ ಹಿಡಿದಿದ್ದೆ. ಆರನೇ ತಿಂಗಳಲ್ಲಿ ದಸರಾ ಬಂತು. ಒಂದು ಅಂಗಡಿಯವರು 30 ಕೆಜಿ ಚಕ್ಕುಲಿ ಕೇಳಿದರು, ಒಪ್ಪಿಕೊಂಡೆ. ಬೆಳಿಗ್ಗೆ ಐದಕ್ಕೆ ಬಾಣಲೆ ಮುಂದೆ ನಿಂತವಳು ಮಧ್ಯಾಹ್ನ ಎರಡಾದರೂ ಕೂತಿರಲಿಲ್ಲ. ಒಂದು ಒಬ್ಬೆ ಎತ್ತುವಾಗ ಕಣ್ಣು ಕತ್ತಲಿಟ್ಟಿತು. ಜಾಲರಿ ಸೌಟು ಕೈಯಿಂದ ಜಾರಿ ಎಣ್ಣೆಗೇ ಬಿತ್ತು. ಅತ್ತೆ ಓಡಿ ಬಂದು ಒಲೆ ಆರಿಸಿ, ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು. ನನ್ನ ಪಾದ ನೋಡಿ ಅವರಿಗೆ ಮಾತೇ ಹೊರಡಲಿಲ್ಲ, ಕಾಲುಂಗುರ ಬೆರಳಿನೊಳಗೆ ಹೂತುಹೋಗಿತ್ತು. ಕೊನೆಗೆ ಕೊಟ್ಟಿದ್ದು 18 ಕೆಜಿ, ಅದೂ ಒಂದು ದಿನ ತಡವಾಗಿ. ಆ ಅಂಗಡಿಯವರು ದುಡ್ಡು ಮುರಿದುಕೊಂಡರು, ಮುಂದೆ ಆರ್ಡರೂ ಕೊಡಲಿಲ್ಲ.

ಅವತ್ತು ನಾನು 15 ಕೆಜಿ ಮಾತ್ರ ಒಪ್ಪಿಕೊಂಡಿದ್ದರೆ ಎಲ್ಲ ಉಳಿಯುತ್ತಿತ್ತು. ಕಡಿಮೆ ಒಪ್ಪಿಕೊಂಡವರನ್ನು ಗಿರಾಕಿ ಬಿಟ್ಟು ಹೋಗುವುದಿಲ್ಲ, ಒಪ್ಪಿಕೊಂಡು ಕೈಕೊಟ್ಟವರನ್ನು ಬಿಟ್ಟು ಹೋಗುತ್ತಾರೆ. ಎರಡನೇ ಬಸಿರಲ್ಲಿ ನಾನು ಮಾಡಿದ ಮೊದಲ ಕೆಲಸ, ಮಾಮೂಲಿ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ್ದು.

ಮೊದಲ ಮೂರು ತಿಂಗಳು ವಾಂತಿ, ಸುಸ್ತು. ಏಳಕ್ಕೇ ಆಗಲ್ಲ. ಕೆಲಸ ಹೇಗೆ ಸಾಗಿಸೋದು?

ಈ ದಿನಗಳಲ್ಲಿ ಗಡಿಯಾರ ನೋಡಿ ಕೆಲಸ ಮಾಡಬೇಡಿ, ನಿಮ್ಮ ಹೊಟ್ಟೆ ನೋಡಿ ಮಾಡಿ. ಕೆಲವರಿಗೆ ಬೆಳಿಗ್ಗೆ ಸಂಕಟ, ಕೆಲವರಿಗೆ ಸಂಜೆ. ನನಗೆ ಬೆಳಿಗ್ಗೆ ಹತ್ತರವರೆಗೆ ನೀರೂ ನಿಲ್ಲುತ್ತಿರಲಿಲ್ಲ, ಹನ್ನೊಂದರಿಂದ ಒಂದರವರೆಗೆ ಮಾತ್ರ ಚೆನ್ನಾಗಿರುತ್ತಿದ್ದೆ. ಒಂದು ವಾರ ಗಮನಿಸಿದರೆ ನಿಮ್ಮ ಒಳ್ಳೆಯ ಹೊತ್ತು ಯಾವುದು ಅಂತ ಗೊತ್ತಾಗುತ್ತದೆ. ನೀವೇ ಮಾಡಬೇಕಾದ ಕೆಲಸವನ್ನು ಆ ಎರಡು ಗಂಟೆಗೆ ಇಟ್ಟುಕೊಳ್ಳಿ. ಲೇಬಲ್ ಅಂಟಿಸುವುದು, ಗಿರಾಕಿಗಳಿಗೆ ಉತ್ತರ ಕೊಡುವುದು, ಲೆಕ್ಕ ಬರೆಯುವುದು ಇವೆಲ್ಲ ಮಲಗಿದ ಕಡೆಯಿಂದಲೂ ಆಗುತ್ತದೆ, ಬೇರೆಯವರ ಕೈಲೂ ಆಗುತ್ತದೆ.

ಹೊಟ್ಟೆ ಪೂರಾ ಖಾಲಿ ಬಿಡಬೇಡಿ. ಹಾಸಿಗೆಯಿಂದ ಏಳುವ ಮೊದಲೇ ಒಂದು ಹಿಡಿ ಪುರಿಯೋ ಒಂದು ರಸ್ಕೋ ತಿಂದರೆ ಸಂಕಟ ಕಡಿಮೆ. ಒಂದೇ ಸಲ ತಟ್ಟೆ ತುಂಬ ಉಣ್ಣುವ ಬದಲು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ. ಶುಂಠಿ ಹಲವರಿಗೆ ಒಗ್ಗುತ್ತದೆ. ಸಾಮಾನ್ಯವಾಗಿ ನಾಲ್ಕನೇ ತಿಂಗಳ ಹೊತ್ತಿಗೆ ಇದು ಹಿಡಿತಕ್ಕೆ ಬರುತ್ತದೆ. ಕುಡಿದ ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಮಸಾಲೆ ಹುರಿಯೋ ವಾಸನೆಯೇ ಆಗಲ್ಲ. ರುಚಿಯೂ ಗೊತ್ತಾಗ್ತಿಲ್ಲ. ಪುಡಿ ವ್ಯಾಪಾರ ಬಿಡಬೇಕಾ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಇದೇ. ಹಾಗಾಗಿ ಉತ್ತರ ಸ್ವಲ್ಪ ಉದ್ದ.

ನನ್ನ ಹುಳಿಪುಡಿ ಅಮ್ಮನಿಂದ ಬಂದಿದ್ದು. ಅಮ್ಮ ಎಂದೂ ತೂಕ ಹಾಕಲಿಲ್ಲ, ನಾನೂ ಹಾಕಿರಲಿಲ್ಲ. ಮೆಂತ್ಯ ಎಷ್ಟು ಅಂದರೆ ಬಲಗೈಯ ಅಂಗೈ ಗುಳಿ ತುಂಬುವಷ್ಟು. ಇಂಗು ಎಷ್ಟು ಅಂದರೆ ಘಮ ಬರುವಷ್ಟು. ಎರಡನೇ ಬಸಿರಲ್ಲಿ ಏಳನೇ ವಾರಕ್ಕೇ ಆ ಘಮ ನನಗೆ ಹಿಂಸೆಯಾಯಿತು. ಬ್ಯಾಡಗಿ ಮೆಣಸಿನಕಾಯಿ ಬಾಣಲೆಗೆ ಬಿದ್ದರೆ ನಾನು ಹಿತ್ತಲಿಗೆ ಓಡುತ್ತಿದ್ದೆ. ಉಪ್ಪು, ಖಾರ, ಹುಳಿ ಯಾವುದೂ ನಾಲಿಗೆಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಆ ತಿಂಗಳು ಕಳಿಸಿದ ಪುಡಿಯಲ್ಲಿ ಕಹಿ ಇದೆ ಅಂತ ಕುವೆಂಪುನಗರದ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿದರು. ಮೆಂತ್ಯ ಹೊತ್ತಿಸಿಬಿಟ್ಟಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ.

ಮಾರನೇ ದಿನ ತೂಕದ ಯಂತ್ರ ತಂದೆವು. ನನ್ನ ಅಂಗೈ ಗುಳಿಯ ಮೆಂತ್ಯ ತೂಗಿ ನೋಡಿದೆವು, ಮೂರು ಸಲ ತೆಗೆದರೆ ಮೂರೂ ಸಲ ಬೇರೆ ಬೇರೆ ಬಂತು. ಆಮೇಲೆ ಒಂದೊಂದೇ ಗಟ್ಟಿ ಮಾಡಿಕೊಂಡೆವು. ಕೊತ್ತಂಬರಿ ಬೀಜ 1 ಕೆಜಿ, ಬ್ಯಾಡಗಿ 600 ಗ್ರಾಂ, ಕಡಲೆಬೇಳೆ 250, ಉದ್ದಿನಬೇಳೆ 125, ಮೆಂತ್ಯ 50. ನನ್ನ ನಾದಿನಿ ಹುರಿಯಲು ನಿಂತಳು. ನಾನು ನಡುಮನೆಯ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು, ಮೂಗಿಗೆ ಸೆರಗು ಹಿಡಿದು ಕೂತೆ. ಕೊತ್ತಂಬರಿ ಬೀಜ ಹುರಿಯುವಾಗ ಮೊದಲು ಸರಸರ ಅನ್ನುತ್ತದೆ, ಹದಕ್ಕೆ ಬಂದಾಗ ಸಣ್ಣಗೆ ಚಿಟಚಿಟ ಶುರುವಾಗುತ್ತದೆ. ಆ ಸದ್ದು ಕೇಳಿ "ಸಾಕು, ಇಳಿಸು" ಅನ್ನುತ್ತಿದ್ದೆ. ಅವಳು ಉರಿ ಎಷ್ಟಿತ್ತು, ಎಷ್ಟು ನಿಮಿಷವಾಯಿತು ಬರೆದುಕೊಳ್ಳುತ್ತಿದ್ದಳು. ಹದಿನೈದು ದಿನದಲ್ಲಿ ನಾನು ಹೇಳುವುದೇ ಬೇಕಾಗಲಿಲ್ಲ.

ನಿಮ್ಮ ಕಸುಬು ಯಾವುದೇ ಆಗಲಿ, ಕೈಲಿರುವುದನ್ನು ಪುಸ್ತಕಕ್ಕೆ ಇಳಿಸುವ ಕೆಲಸವನ್ನು ಮೂರನೇ ತಿಂಗಳಲ್ಲೇ ಶುರು ಮಾಡಿ. ಬ್ಲೌಸ್ ಹೊಲಿಯುವವರು ಖಾಯಂ ಗಿರಾಕಿಗಳ ಅಳತೆ, ಕುತ್ತಿಗೆಯ ಮಾದರಿ ಬರೆದಿಡಿ. ಕುಚ್ಚು ಹಾಕುವವರು ಯಾವ ಡಿಸೈನಿಗೆ ಎಷ್ಟೆಳೆ, ಎಷ್ಟು ಅಂತರ, ಯಾವ ಮಣಿ ಅಂತ ಒಂದು ತುಂಡು ಬಟ್ಟೆಗೆ ಹಾಕಿ ತೋರಿಸಿ, ಪಕ್ಕದಲ್ಲೇ ಬರೆಯಿರಿ. ನೀವು ಮಲಗಿದ ದಿನ ಇನ್ನೊಬ್ಬರು ನಿಮ್ಮ ಹಾಗೇ ಮಾಡುವುದಕ್ಕೆ ಇದು ಬೇಕು. ಇದಿಲ್ಲದೆ ಸಹಾಯಕ್ಕೆ ಜನ ಬಂದರೂ ಪ್ರಯೋಜನವಿಲ್ಲ, ಅವರು ಪ್ರತಿ ಐದು ನಿಮಿಷಕ್ಕೆ ನಿಮ್ಮನ್ನೇ ಎಬ್ಬಿಸುತ್ತಾರೆ.

ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡಬಹುದು?

ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ನಾನು ಪಾಲಿಸಿದ್ದು ಇಷ್ಟೆ: ಒಂದೇ ಭಂಗಿಯಲ್ಲಿ ಮುಕ್ಕಾಲು ಗಂಟೆಗಿಂತ ಹೆಚ್ಚಿಲ್ಲ. ನಿಂತಿದ್ದರೆ ಕೂರುವುದು, ಕೂತಿದ್ದರೆ ಎದ್ದು ಹಜಾರದಲ್ಲಿ ನಾಲ್ಕು ಸುತ್ತು ನಡೆಯುವುದು, ಒಂದು ಲೋಟ ನೀರು ಕುಡಿಯುವುದು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಎಡ ಮಗ್ಗುಲಿಗೆ ಮಲಗುವುದು. ಆ ಒಂದು ಗಂಟೆ ಫೋನ್ ಅತ್ತೆಯ ಹತ್ತಿರ ಇರುತ್ತಿತ್ತು. "ಮಲಗವ್ಳೆ, ಮೂರು ಗಂಟೆ ಮೇಲೆ ಮಾಡಿ" ಅಂತ ಅವರು ಹೇಳಿದ್ದಕ್ಕೆ ಒಬ್ಬ ಗಿರಾಕಿಯೂ ಮುನಿಸಿಕೊಳ್ಳಲಿಲ್ಲ.

ಟೈಲರಿಂಗ್ ಮಾಡ್ತೀನಿ. ಮಿಷನ್ ತುಳಿಯಬಹುದಾ?

ಮಂಡ್ಯದ ಒಬ್ಬ ಗೆಳತಿ ಎಂಟನೇ ತಿಂಗಳವರೆಗೂ ಬ್ಲೌಸ್ ಹೊಲಿದಳು. ಅವಳು ಮಾಡಿಕೊಂಡ ಬದಲಾವಣೆ ಹೇಳುತ್ತೇನೆ. ಕಾಲಲ್ಲಿ ತುಳಿಯುವ ಮಿಷನ್‌ಗೆ ಮೋಟಾರ್ ಹಾಕಿಸಿದಳು. ಬೆನ್ನಿಗೆ ಆಸರೆ ಇಲ್ಲದ ಸ್ಟೂಲ್ ಬಿಟ್ಟು ಒರಗುವ ಕುರ್ಚಿ ತಂದಳು, ಸೊಂಟದ ಹತ್ತಿರ ಸಣ್ಣ ದಿಂಬು. ಆರನೇ ತಿಂಗಳಿಂದ ನೆಲದ ಮೇಲೆ ಕೂತು ಬಗ್ಗಿ ಕಟಿಂಗ್ ಮಾಡುವುದನ್ನು ಬಿಟ್ಟಳು, ಸೊಂಟದ ಎತ್ತರದ ಮೇಜಿನ ಮೇಲೆ ಬಟ್ಟೆ ಹಾಸಿಕೊಂಡಳು. ಹೊಟ್ಟೆ ಮುಂದೆ ಬಂದಾಗ ಮಿಷನ್ ದೂರವಾಗಿ ಬೆನ್ನು ಬಗ್ಗುತ್ತದೆ. ಆಗ ಹೊಸ ಬ್ಲೌಸ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಮಡಿಲಲ್ಲಿಟ್ಟುಕೊಂಡು ಮಾಡುವ ಹುಕ್ಕು, ಹೆಮ್ಮಿಂಗ್, ಕುಚ್ಚಿನ ಕೆಲಸಕ್ಕೆ ತಿರುಗಿದಳು. ಆರಿ ವರ್ಕ್ ಮಾಡುವವರು ಸ್ಟ್ಯಾಂಡ್ ಎತ್ತರಿಸಿಕೊಳ್ಳಿ. ಕತ್ತು ಬಗ್ಗಿಸಿ ಗಂಟೆಗಟ್ಟಲೆ ಕೂರುವುದು ಈಗ ಬೇಡ.

ಮನೇಲಿ ಬ್ಯೂಟಿ ಪಾರ್ಲರ್ ಇದೆ. ಹೇರ್ ಡೈ, ಬ್ಲೀಚ್ ಮಾಡಬಹುದಾ?

ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಕೇಳುವಾಗ ದಿನಕ್ಕೆ ಎಷ್ಟು ಜನಕ್ಕೆ ಮಾಡುತ್ತೀರಿ, ಕೋಣೆಗೆ ಕಿಟಕಿ ಇದೆಯಾ ಇಲ್ಲವಾ ಎರಡನ್ನೂ ಹೇಳಿ. ಗ್ಲೌಸ್ ಹಾಕಿಕೊಳ್ಳಿ, ಗಾಳಿ ಆಡುವಂತೆ ಮಾಡಿ. ಹಲವರು ಈ ತಿಂಗಳುಗಳಲ್ಲಿ ಥ್ರೆಡಿಂಗ್, ಮೆಹಂದಿಯಂಥ ಕೆಲಸ ಮಾತ್ರ ಇಟ್ಟುಕೊಳ್ಳುತ್ತಾರೆ. ಅದು ನನಗೂ ಸರಿ ಅನ್ನಿಸುತ್ತದೆ.

ಭಾರ ಎತ್ತೋದು, ಸಾಮಾನು ತರೋದು?

ಎತ್ತಬೇಡಿ. ಮನೆಯ ಗ್ಯಾಸ್ ಸಿಲಿಂಡರ್‌ನಲ್ಲಿ ಅನಿಲವೇ 14.2 ಕೆಜಿ, ಕಬ್ಬಿಣದ ತೂಕ ಸೇರಿದರೆ 30 ಕೆಜಿ ಹತ್ತಿರ. ಅದನ್ನು ಉರುಳಿಸುವುದೂ ಬೇಡ. ಅಕ್ಕಿ ಮೂಟೆ, ಎಣ್ಣೆ ಡಬ್ಬವೂ ಹಾಗೆಯೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ಹಾಗಾಗಿ ಸಂತೇಪೇಟೆಗೆ ತಾವೇ ಹೋಗಿ ಚೀಲ ಹೊತ್ತು ತರುವವರಿದ್ದಾರೆ. ಬಸ್ಸಿನ ದುಡ್ಡು ಉಳಿಯುತ್ತದೆ ನಿಜ, ಸೊಂಟ ಉಳಿಯುವುದಿಲ್ಲ. ಖಾಯಂ ಅಂಗಡಿಗೆ ಚೀಟಿ ಕಳಿಸಿ ಆಟೋದಲ್ಲಿ ತರಿಸಿಕೊಳ್ಳಿ. ಆಟೋ ಬಾಡಿಗೆಯನ್ನು ಪುಡಿಯ ಬೆಲೆಗೆ ಸೇರಿಸಿ. ಅದೂ ಖರ್ಚೇ, ಹಾಗೆ ಸೇರಿಸುವುದರಲ್ಲಿ ಸಂಕೋಚ ಬೇಡ. ಹಿಟ್ಟಿನ ಮಿಲ್ಲಿಗೂ ಬೇರೆಯವರನ್ನು ಕಳಿಸಿ. ಆ ಮೆಣಸಿನ ಘಾಟಿನಲ್ಲಿ ಸಾಲಿನಲ್ಲಿ ನಿಲ್ಲುವುದು ನಿಮಗೆ ಈಗ ಬೇಡ.

ಆರ್ಡರ್ ಯಾವಾಗ ನಿಲ್ಲಿಸಬೇಕು? ಗಿರಾಕಿಗಳಿಗೆ ಹೇಗೆ ಹೇಳೋದು?

ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರಕ್ಕೆ ಡಾಕ್ಟರ್ ದಿನ ಕೊಡುತ್ತಾರೆ. ಆದರೆ 37 ವಾರ ಕಳೆದ ಮೇಲೆ ಯಾವ ದಿನ ಬೇಕಾದರೂ ಹೆರಿಗೆಯಾಗಬಹುದು. ಹಾಗಾಗಿ ನಾನು 34ನೇ ವಾರಕ್ಕೆ ಹೊಸ ಆರ್ಡರ್ ನಿಲ್ಲಿಸಿದೆ, 36ನೇ ವಾರದೊಳಗೆ ಕೈಲಿದ್ದದ್ದನ್ನೆಲ್ಲ ತಲುಪಿಸಿದೆ. ಒಂಬತ್ತನೇ ತಿಂಗಳಲ್ಲಿ ಯಾರ ಮುಂಗಡವೂ ನನ್ನ ಹತ್ತಿರ ಇರಲಿಲ್ಲ. ಆ ನೆಮ್ಮದಿಯಲ್ಲಿ ಮಲಗಿದ ರಾತ್ರಿಗಳು ಇನ್ನೂ ನೆನಪಿವೆ.

ಪಂಚಾಂಗವನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿ. ನಮ್ಮ ಕಡೆ ವ್ಯಾಪಾರಕ್ಕೆ ಅದರದೇ ಕಾಲವಿದೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು. ಶಿವರಾತ್ರಿ ಕಳೆದು ಬಿಸಿಲೇರಿದರೆ ಹಪ್ಪಳ, ಸಂಡಿಗೆ, ವರ್ಷದ ಖಾರದ ಪುಡಿ. ಆಮೇಲೆ ಯುಗಾದಿಯ ಹೋಳಿಗೆ, ಗೌರಿಯ ಬಾಗಿನ, ದಸರಾ ಗೊಂಬೆಯ ಮನೆಗಳಿಗೆ ತಿಂಡಿ, ದೀಪಾವಳಿ. ನಿಮ್ಮ 30ರಿಂದ 36ನೇ ವಾರ ಇದರಲ್ಲಿ ಯಾವುದರ ಮೇಲೆ ಬೀಳುತ್ತದೆ ಅಂತ ಈಗಲೇ ಗುರುತು ಹಾಕಿ, ಆ ಹಬ್ಬವನ್ನು ಬಿಟ್ಟುಬಿಡಿ. ಬಿಸಿ ಪಾಕ ಎತ್ತಿ ಅಚ್ಚಿಗೆ ಸುರಿಯುವ ಸಕ್ಕರೆ ಅಚ್ಚಿನ ಕೆಲಸವನ್ನಂತೂ ದೊಡ್ಡ ಹೊಟ್ಟೆ ಹೊತ್ತು ಮಾಡಬೇಡಿ. ಹಪ್ಪಳ ಒಣಗಿಸಲು ತಾರಸಿಯ ಮೆಟ್ಟಿಲು ಹತ್ತಿಳಿಯುವುದೂ ಬೇಡ.

ಗಿರಾಕಿಗಳಿಗೆ ಹೆರಿಗೆಗೆ ಎರಡು ತಿಂಗಳ ಮುಂಚೆ ವಾಟ್ಸಾಪ್‌ನಲ್ಲಿ ತಿಳಿಸಿ. ನಾನು ಕಳಿಸಿದ್ದು ಹೀಗಿತ್ತು: "ನಮ್ಮ ಮನೆಗೆ ಹೊಸ ಕೂಸು ಬರ್ತಿದೆ. ಈ ತಿಂಗಳ 20ರವರೆಗೆ ಮಾತ್ರ ಆರ್ಡರ್ ತೊಗೋತೀನಿ. ಮೂರು ತಿಂಗಳಿಗೆ ಬೇಕಾಗುವಷ್ಟು ಪುಡಿ ಈಗಲೇ ಹೇಳಿ, ಮಾಡಿಕೊಡ್ತೀನಿ. ಮತ್ತೆ ಶುರು ಮಾಡಿದಾಗ ನಾನೇ ತಿಳಿಸ್ತೀನಿ." ಅರ್ಧದಷ್ಟು ಜನ ಒಟ್ಟಿಗೆ ಕೊಂಡಿಟ್ಟುಕೊಂಡರು. ಒಬ್ಬರು ಮಡಿಲು ತುಂಬಲು ಹೂವು, ಕುಪ್ಪಸದ ಬಟ್ಟೆ ತಂದರು.

ಮತ್ತೆ ಶುರು ಮಾಡುವ ತಾರೀಖು ಮಾತ್ರ ಕೊಡಬೇಡಿ. ಕೂಸು ಹುಟ್ಟಿದ ಮೇಲಿನ ದಿನ ನಿಮ್ಮ ಕೈಲಿರುವುದಿಲ್ಲ.

ನೌಕರಿ ಮಾಡುವವರಿಗೆ ಹೆರಿಗೆ ರಜೆ ಇದೆ. ನಮಗೆ?

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಆದರೆ ಸ್ವಂತ ಕಸುಬಿನವರಿಗೆ ಆ ರಜೆ ಸಿಗುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ದುಡಿಯುವ ಹೆಂಗಸಿನ ದುಡಿಮೆಯನ್ನು ದುಡಿಮೆ ಅಂತ ಲೆಕ್ಕಕ್ಕೆ ಹಿಡಿಯದಿರುವುದು ಅನ್ಯಾಯ, ಹಾಗಂತ ಗಟ್ಟಿಯಾಗಿಯೇ ಹೇಳುತ್ತೇನೆ. ಅದು ಬದಲಾಗುವವರೆಗೆ ನಮ್ಮ ರಜೆಯ ದುಡ್ಡನ್ನು ನಾವೇ ಕೂಡಿಡಬೇಕು.

ಲೆಕ್ಕ ಹೀಗೆ. ಖರ್ಚೆಲ್ಲ ಕಳೆದು ತಿಂಗಳಿಗೆ 9,000 ರೂಪಾಯಿ ಉಳಿಯುತ್ತದೆ ಅಂದುಕೊಳ್ಳಿ. ಮೂರು ತಿಂಗಳು ನಿಲ್ಲಿಸಿದರೆ 27,000 ಬೇಕು. ಮೂರನೇ ತಿಂಗಳಿಂದ ಎಂಟನೇ ತಿಂಗಳವರೆಗೆ ಆರು ತಿಂಗಳು, ತಿಂಗಳಿಗೆ 4,500 ತೆಗೆದಿಟ್ಟರೆ ಅಷ್ಟಾಗುತ್ತದೆ. ಪ್ರಮಾಣ ಅರ್ಧ ಮಾಡಿದ ಮೇಲೆ ಅಷ್ಟು ಆಗುವುದಿಲ್ಲ ಅಂದರೆ ಆದಷ್ಟೇ ಇಡಿ, ಕೊರತೆ ಎಷ್ಟು ಅಂತ ಮನೆಯವರಿಗೆ ಈಗಲೇ ಹೇಳಿ. ಕೆಲವು ಬ್ಯಾಂಕುಗಳಲ್ಲಿ ಆರು ತಿಂಗಳ ಆರ್‌ಡಿ ಮಾಡಬಹುದು. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಈ ಕೆಲಸಕ್ಕೆ ಆಗುವುದಿಲ್ಲ. ಚೀಟಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಹೆರಿಗೆಯ ವಾರವೇ ಚೀಟಿ ನಿಮ್ಮ ಕೈಗೆ ಬರುತ್ತದೆ ಅಂತ ಏನು ಖಾತ್ರಿ? ಮನೆ ಖರ್ಚಿನ ಖಾತೆ ಬೇರೆ, ಇದು ಬೇರೆ ಇರಲಿ.

ಅಂಗಡಿಗಳಿಂದ ಬರಬೇಕಾದ ಬಾಕಿಯನ್ನು ಏಳನೇ ತಿಂಗಳೊಳಗೆ ವಸೂಲು ಮಾಡಿಕೊಳ್ಳಿ. ಬಾಣಂತಿ ಫೋನ್ ಮಾಡಿ ದುಡ್ಡು ಕೇಳಿದರೆ "ಕೊಡೋಣ ಬಿಡಮ್ಮ" ಅಂತ ತಳ್ಳುವವರೇ ಹೆಚ್ಚು, ಅನುಭವಿಸಿದ್ದೇನೆ.

ಸರ್ಕಾರದಿಂದ ಏನಾದರೂ ಸಿಗುತ್ತಾ?

ಸಿಗುತ್ತದೆ, ಆದರೆ ಮೊದಲು ತಾಯಿ ಕಾರ್ಡ್, ಅಂದರೆ ಬಸುರಿಯ ತಪಾಸಣೆಯನ್ನೆಲ್ಲ ಬರೆದಿಡುವ ಕಾರ್ಡ್ ಮಾಡಿಸಬೇಕು. ಮೂರು ತಿಂಗಳೊಳಗೆ ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರ್ ಹತ್ತಿರ ಹೆಸರು ಬರೆಸಿ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣು ಮಗುವಾದರೆ 6,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಬಿಪಿಎಲ್ ಕಾರ್ಡ್, ಇ-ಶ್ರಮ್ ಕಾರ್ಡ್ ಇರುವವರು, ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಇರುವವರು ಇದಕ್ಕೆ ಅರ್ಹರು. ಮನೆಯಲ್ಲಿ ವ್ಯಾಪಾರ ಮಾಡುತ್ತೀರಿ ಅನ್ನುವುದು ಅಡ್ಡಿಯಲ್ಲ. ಆಧಾರ್ ಜೋಡಣೆಯಾದ ಖಾತೆ ನಿಮ್ಮ ಹೆಸರಲ್ಲೇ ಇರಲಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟವೂ ಉಂಟು, ಅದು 2017ರಲ್ಲಿ ಶುರುವಾದದ್ದು.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆಯುತ್ತಿರುವ ಮಾತೃತ್ವ ಅಭಿಯಾನ ಅದು, ನಾಲ್ಕನೇ ತಿಂಗಳಿಂದ ಹೋಗಬಹುದು. ಮೈಸೂರಿನವರಿಗೆ ಚೆಲುವಾಂಬ ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್, ಇಲ್ಲವೇ ಹತ್ತಿರದ ಆರೋಗ್ಯ ಕೇಂದ್ರ. ಆ 9ನೇ ತಾರೀಖನ್ನು ಆರ್ಡರ್ ಪುಸ್ತಕದಲ್ಲಿ ವರ್ಷಪೂರ್ತಿಗೆ ರಜೆ ಅಂತ ಮೊದಲೇ ಬರೆದುಬಿಡಿ. ಅವತ್ತಿಗೆ ಯಾರಿಗೂ ಡೆಲಿವರಿ ಒಪ್ಪಿಕೊಳ್ಳಬೇಡಿ. "ಈ ತಿಂಗಳು ಆರ್ಡರ್ ಜಾಸ್ತಿ ಇತ್ತು, ಚೆಕಪ್‌ಗೆ ಹೋಗಲಿಲ್ಲ" ಅನ್ನುವ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲವೂ ಹೊಟ್ಟೆ ಚುರ್ ಅನ್ನುತ್ತದೆ. 18ರಿಂದ 20ನೇ ವಾರದ ಸ್ಕ್ಯಾನ್, 24ರಿಂದ 28ನೇ ವಾರದ ನಡುವಿನ ಸಕ್ಕರೆ ಪರೀಕ್ಷೆ, ಇವೆರಡನ್ನು ಯಾವ ದಸರಾ ಆರ್ಡರಿಗೂ ಮುಂದೂಡಬೇಡಿ. ಸಕ್ಕರೆ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ಗಂಟೆ ಕೂರಿಸುತ್ತಾರೆ. ಆ ಹೊತ್ತಿಗೆ ಕುಚ್ಚಿನ ದಾರ ತೆಗೆದುಕೊಂಡು ಹೋದವರನ್ನೂ ನೋಡಿದ್ದೇನೆ, ಅದು ತಪ್ಪೇನಲ್ಲ.

ಕೆಲಸದ ನಡುವೆ ಮಾತ್ರೆ, ಊಟ ಮರೆತುಹೋಗುತ್ತೆ. ಏನು ಮಾಡಲಿ?

ಮಾತ್ರೆಯನ್ನು ಕೆಲಸಕ್ಕೆ ಗಂಟು ಹಾಕಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಬಾರದು, ಕನಿಷ್ಠ ಎರಡು ಗಂಟೆ ಅಂತರ ಇರಬೇಕು. ನಾನು ಕ್ಯಾಲ್ಸಿಯಂ ಅನ್ನು ತಿಂಡಿ ಮತ್ತು ಮಧ್ಯಾಹ್ನದ ಊಟದ ಜೊತೆ ನುಂಗುತ್ತಿದ್ದೆ, ಕಬ್ಬಿಣವನ್ನು ರಾತ್ರಿ ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ. ಮಾತ್ರೆಯ ಎಲೆಯನ್ನು ಆ ಪುಸ್ತಕದೊಳಗೇ ಇಟ್ಟಿದ್ದೆ, ತೆರೆದರೆ ಕಣ್ಣಿಗೆ ಬೀಳುತ್ತಿತ್ತು. ಕಬ್ಬಿಣದ ಜೊತೆ ಕಾಫಿ, ಟೀ, ಹಾಲು ಬೇಡ, ಅದು ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಹೆದರಬೇಡಿ. ಮಲಬದ್ಧತೆ ಆದರೆ ಮಾತ್ರೆ ಬಿಡಬೇಡಿ, ನೀರು, ಸೊಪ್ಪು, ಹಣ್ಣು ಹೆಚ್ಚು ಮಾಡಿ, ಡಾಕ್ಟರಿಗೆ ಹೇಳಿ.

ಮೈಸೂರಿನವರಿಗೆ ಕಾಫಿ ಬಿಡಿ ಅನ್ನುವುದು ಕಷ್ಟ, ನನಗೂ ಗೊತ್ತು. ದಿನಕ್ಕೆ ಕೆಫೀನ್ 200 ಮಿಲಿಗ್ರಾಂ ಮೀರದಿದ್ದರೆ ಸಾಕು ಅನ್ನುತ್ತಾರೆ ಡಾಕ್ಟರರು. ನಾನು ನೀರಾದ ಡಿಕಾಕ್ಷನ್‌ನಲ್ಲಿ ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿದೆ. ಕೆಲಸದ ಮೇಜಿನ ಮೇಲೆ ಹುರಿಗಡಲೆ, ಕಡಲೆಬೀಜ, ಒಂದು ಬಾಳೆಹಣ್ಣು ಯಾವಾಗಲೂ ಇರಲಿ.

ಯಾವ ಲಕ್ಷಣ ಕಂಡರೆ ಕೆಲಸ ಬಿಟ್ಟು ಓಡಬೇಕು?

ರಕ್ತ ಕಂಡರೆ. ನೀರು ಹೋದರೆ. ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಎದೆಗೂಡಿನ ಕೆಳಗೆ ನೋವು, ಜ್ವರ, ಫಿಟ್ಸ್. ಸಂಜೆ ಪಾದ ಸ್ವಲ್ಪ ಊದುವುದು ಹಲವರಿಗೆ ಇದ್ದದ್ದೇ. ಬೆಳಿಗ್ಗೆ ಎದ್ದಾಗಲೂ ಊತ ಇಳಿದಿಲ್ಲ, ಮುಖವೂ ಊದಿದೆ ಅಂದರೆ ಬಿಪಿ ನೋಡಿಸಬೇಕು.

ಮಗುವಿನ ಹೊರಳಾಟ ಗಮನಿಸುವುದನ್ನು ಕೆಲಸದ ಗದ್ದಲದಲ್ಲಿ ಮರೆಯುತ್ತೇವೆ. ಏಳನೇ ತಿಂಗಳಿಂದ ದಿನಾ ಊಟವಾದ ಮೇಲೆ ಮಲಗಿ, ಕೈಯಿಟ್ಟು ಗಮನಿಸಿ. ದಿನದ ಲೆಕ್ಕಕ್ಕಿಂತ ಕಡಿಮೆ ಅನ್ನಿಸಿದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಬಾಣಲೆಯಲ್ಲಿ ಏನೇ ಇರಲಿ, ಒಲೆ ಆರಿಸಿ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ತಾಯಿ ಕಾರ್ಡ್, ಸ್ಕ್ಯಾನ್ ಕಾಗದ ಎಲ್ಲ ಒಂದೇ ಚೀಲದಲ್ಲಿ ಬಾಗಿಲ ಹಿಂದೆ ನೇತುಹಾಕಿರಿ.

ಅತ್ತೆ "ಗ್ರಹಣದ ದಿನ ಕತ್ತರಿ, ಸೂಜಿ ಮುಟ್ಟಬೇಡ" ಅಂತಾರೆ. ಆರ್ಡರ್ ಇದೆ.

ಗ್ರಹಣದಲ್ಲಿ ಕತ್ತರಿ ಹಿಡಿದರೆ ಮಗುವಿಗೆ ತೊಂದರೆ ಅನ್ನುವುದಕ್ಕೆ ವೈದ್ಯಕೀಯ ಆಧಾರ ಇಲ್ಲ. ಆದರೂ ನಾನು ಅವತ್ತು ಕೆಲಸ ಮಾಡಲಿಲ್ಲ. ಮನೆಯ ಹಿರಿಯರಿಗೆ ಸಮಾಧಾನ, ನನಗೆ ವಿಶ್ರಾಂತಿ. ಆದರೆ ಉಪವಾಸ ಇರುವುದು, ನೀರು ಕುಡಿಯದಿರುವುದು ಬೇಡ. ಅದಕ್ಕೆ ಮಾತ್ರ "ಡಾಕ್ಟರ್ ಬೇಡ ಅಂದಿದ್ದಾರೆ ಅತ್ತೆ" ಅಂತ ನಯವಾಗಿಯೇ ಹೇಳಿದೆ, ಅವರೂ ಒಪ್ಪಿದರು.

ಸೀಮಂತ ಆದ ಮೇಲೆ ತವರಿಗೆ ಹೋಗ್ತೀನಿ. ವ್ಯಾಪಾರ ಯಾರು ನೋಡ್ಕೋತಾರೆ?

ನಾನು ನಂಜನಗೂಡಿನ ತವರಿಗೆ ಹೋಗುವ ಮೊದಲು ಸಾಮಾನೆಲ್ಲ ತವರಿಗೆ ಸಾಗಿಸಲು ಹೊರಟಿದ್ದೆ. ಅಮ್ಮ ಬೈದರು, ಸರಿಯಾಗಿಯೇ ಬೈದರು. ನನ್ನ ಸಲಹೆ ಹೀಗೆ: ಒಂದೋ ಪೂರ್ತಿ ನಿಲ್ಲಿಸಿ, ಇಲ್ಲವೇ ಒಂದೇ ಒಂದು ಪದಾರ್ಥವನ್ನು ಒಬ್ಬರೇ ಒಬ್ಬರಿಗೆ ಒಪ್ಪಿಸಿ ಹೋಗಿ. ನಾನು ಸಾರಿನಪುಡಿ ಮಾತ್ರ ನಾದಿನಿಗೆ ಬಿಟ್ಟೆ, ತೂಕದ ಪುಸ್ತಕದ ಜೊತೆ. ಆ ಮೂರು ತಿಂಗಳ ಲಾಭ ಅವಳದೇ ಅಂತ ಮೊದಲೇ ಮಾತಾಡಿಕೊಂಡೆವು. ನಮ್ಮವರೇ ಅಲ್ಲವಾ ಅಂತ ಪುಕ್ಕಟೆ ದುಡಿಸಬೇಡಿ, ಆಮೇಲೆ ಮನಸ್ತಾಪ ಬರುತ್ತದೆ. ತಿಂಡಿ, ಪುಡಿ ಮಾರುವವರು ಲೇಬಲ್ ಮೇಲೆ 14 ಅಂಕಿಯ ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ, ತಯಾರಿಸಿದ ದಿನ, ತೂಕ, ಮನೆಯ ವಿಳಾಸ ಹಾಕಿರುತ್ತೀರಿ. ಆ ನೋಂದಣಿ ಈ ವಿಳಾಸದ ಅಡುಗೆಮನೆಗೆ ಕೊಟ್ಟದ್ದು. ಹಾಗಾಗಿ ಕೆಲಸ ಅಲ್ಲೇ ನಡೆಯಲಿ, ಜನ ಬದಲಾಗಲಿ.

ದುಡಿಯೋಕಾಗ್ತಿಲ್ಲ ಅಂತ ಅಳು ಬರುತ್ತೆ. ನನ್ನಿಂದ ಏನೂ ಆಗ್ತಿಲ್ಲ ಅನ್ಸುತ್ತೆ.

ನನಗೂ ಬಂದಿತ್ತು. ಎಂಟನೇ ತಿಂಗಳಲ್ಲಿ ಒಂದು ಕೆಜಿ ಚಟ್ನಿಪುಡಿ ತುಂಬಿಸುವಷ್ಟರಲ್ಲಿ ಮೂರು ಸಲ ಕೂತೆ, ಅಲ್ಲೇ ಅತ್ತುಬಿಟ್ಟೆ. ಗಂಡ ಪಕ್ಕ ಕೂತು, ಮಾತಾಡದೆ, ಉಳಿದ ಪಾಕೆಟ್ ತುಂಬಿಸಿ ಸೀಲ್ ಮಾಡಿದರು. ನಿಮ್ಮ ಮನೆಯಲ್ಲೂ ಯಾರಿಗಾದರೂ ಹೇಳಿಕೊಳ್ಳಿ. ಎರಡು ವಾರಕ್ಕೂ ಹೆಚ್ಚು ದಿನ ಮನಸ್ಸು ಮಂಕಾಗಿಯೇ ಇದ್ದರೆ, ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ದಿನದ ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಹೆರಿಗೆಯ ನಂತರವೂ ಆ ನಂಬರ್ ಇಟ್ಟುಕೊಂಡಿರಿ, ಆಗ ಹೆಚ್ಚು ಬೇಕಾಗಬಹುದು.

ಹೆರಿಗೆಯಾದ ಮೇಲೆ ಮತ್ತೆ ಯಾವಾಗ ಶುರು ಮಾಡಬಹುದು?

ಮೈ ಮೊದಲಿನಂತಾಗಲು ಕನಿಷ್ಠ ಆರು ವಾರ ಬೇಕು, ಸಿಜೇರಿಯನ್ ಆದವರಿಗೆ ಇನ್ನೂ ಹೆಚ್ಚು. ಆರನೇ ವಾರ ಮಗುವಿನ ಲಸಿಕೆಗೆ ಹೇಗೂ ಹೋಗುತ್ತೀರಿ, ನಿಮ್ಮನ್ನೂ ತೋರಿಸಿಕೊಂಡು ಬನ್ನಿ. ಮುಂದಿನ ಲಸಿಕೆ 10 ಮತ್ತು 14ನೇ ವಾರ. ನಾನು ಆ 14ನೇ ವಾರದ ಲಸಿಕೆ ಮುಗಿಸಿ, ಮಗುವಿನ ಜ್ವರ ಇಳಿದ ಮೇಲೆ ಶುರು ಮಾಡಿದೆ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲು ಮಾತ್ರ, ನೀರೂ ಬೇಡ. ಅಂದರೆ ಎರಡು ಮೂರು ಗಂಟೆಗೊಮ್ಮೆ ನೀವು ಎದ್ದು ಹೋಗಲೇಬೇಕು. ಬಿಸಿ ಎಣ್ಣೆ ಒಲೆಯ ಮೇಲಿಟ್ಟು ಎದ್ದು ಹೋಗಲಾಗದು. ಹಾಗಾಗಿ ಕರಿಯುವ ಕೆಲಸಕ್ಕೆ ಕೊನೆಯಲ್ಲಿ ಬನ್ನಿ, ಅರ್ಧಕ್ಕೆ ಬಿಟ್ಟು ಎದ್ದರೂ ಕೆಡದ ಕೆಲಸದಿಂದ ಶುರು ಮಾಡಿ.

ನನ್ನ ಮೊದಲ ಆರ್ಡರ್ ಎರಡು ಕೆಜಿ ಹುಳಿಪುಡಿ. ಕೇಳಿದ್ದು ಅವತ್ತು ಕಹಿ ಇದೆ ಅಂದಿದ್ದ ಕುವೆಂಪುನಗರದವರೇ. ನಾದಿನಿ ಪುಸ್ತಕ ತೆರೆದಿಟ್ಟಳು, ನಾನು ತೂಗಿಕೊಟ್ಟೆ. ಬ್ಯಾಡಗಿ ಬಾಣಲೆಗೆ ಬಿದ್ದಾಗ ಘಮ ಮೊದಲಿನಂತೆಯೇ ಹಿತವಾಗಿ ಬಂತು. ಕೂಸು ಒಳಗಿನ ಕೋಣೆಯಲ್ಲಿ ಅತ್ತೆಯ ಕಾಲ ಮೇಲೆ ಮಲಗಿತ್ತು. ಮೆಂತ್ಯ ಹುರಿಯುವ ಹೊತ್ತಿಗೆ ಎದ್ದು ಅತ್ತಿತು. ಸೌಟು ನಾದಿನಿಗೆ ಕೊಟ್ಟು ನಾನು ಒಳಗೆ ಹೋದೆ.